ಐಸ್ ಪ್ಲಾಂಟಿನಲ್ಲಿ ಕೊನೆಗೂ ಕೈಹಿಡಿದದ್ದು 75175 ಚಿಪ್

ಮಲ್ಪೆಯ ಒಂದು ಐಸ್ ಪ್ಲಾಂಟಿನ ಮೂರು ಕಡೆಯಿಂದ ಟೆಂಪರೇಚರ್ ಆಫೀಸಿಗೆ ತರುವ ಕೆಲಸ ಸಿಕ್ಕಿತ್ತು. ವೇಗ 9600 ಬಾಡ್, ಎಲ್ಲಕ್ಕಿಂತ ಉದ್ದದ ಲೈನ್ ಸುಮಾರು 150 ಮೀಟರ್, ಡೇಟಾ ಒಂದೇ ದಿಕ್ಕಿಗೆ. ಎಲ್ಲರ ಹಾಗೆ ನಾನೂ ಎರಡೂ ತುದಿಗೆ ಮ್ಯಾಕ್ಸ್485 ಮಾಡ್ಯೂಲ್ ಹಾಕಿದೆ, ಜೋಡಿ ತಂತಿಯಲ್ಲಿ ದೂರಕ್ಕೆ ಡೇಟಾ ಕಳಿಸುವ, ಕೇಳುವ ಚಿಪ್ಪಿನ ಪುಟ್ಟ ಬೋರ್ಡ್ ಅದು. ಆರಕ್ಕೆ 300 ರೂಪಾಯಿ ಆಸುಪಾಸು. ಮನೆಯ ಟೇಬಲ್ ಮೇಲೆ ಎಲ್ಲ ಸರಿ ಇತ್ತು. ಅಲ್ಲಿ ಕಂಪ್ರೆಸರ್ ಸ್ಟಾರ್ಟ್ ಆದರೆ ಸಾಕು, ಸ್ಕ್ರೀನ್ ತುಂಬ ಕಸ.

ಕೇಬಲ್ ಸರಿಯಿಲ್ಲ ಅಂದರು. ಶೀಲ್ಡ್ ಇರುವ ಕೇಬಲ್ ಎಳೆದೆ, ನಾಲ್ಕು ಸಾವಿರ ಹೋಯಿತು, ಕಸ ಹೋಗಲಿಲ್ಲ. ಆಮೇಲೆ ವೋಲ್ಟೇಜಿನ ಏರಿಳಿತ ತೋರಿಸುವ ಸ್ಕೋಪ್ ಹೊತ್ತುಕೊಂಡು ಹೋದೆ. ಮೋಟರ್ ಎಳೆಯುವ ಆ ಹೊತ್ತಿಗೆ ಕಳಿಸುವ ಕಡೆಯ ಗ್ರೌಂಡ್ ಆಫೀಸಿನದಕ್ಕಿಂತ 9 ವೋಲ್ಟ್ ಹತ್ತಿರ ಕೆಳಗೆ ಇಳಿಯುತ್ತಿತ್ತು. ಮ್ಯಾಕ್ಸ್485 ತನ್ನ ಗ್ರೌಂಡಿಗಿಂತ 12 ವೋಲ್ಟ್ ಮೇಲಿನವರೆಗೆ ತಡೆಯುತ್ತದೆ, ಕೆಳಗೆ 7 ಮಾತ್ರ. ಅಲ್ಲಿಗೆ ರೋಗ ಗೊತ್ತಾಯಿತು.

ಬರೀ ಕೇಳುವ ತುದಿಗೆ ಕಳಿಸುವುದನ್ನೂ ಮಾಡುವ ಟ್ರಾನ್ಸ್‌ಸೀವರ್ ಯಾಕೆ, ನಾಲ್ಕು ರಿಸೀವರ್ ಇರುವ ಒಂದೇ ಚಿಪ್ ಸಾಕಲ್ವಾ ಅಂದೆ. "ಎಂತ ಮಾರಾಯ, ಓಬಿರಾಯನ ಕಾಲದ್ದನ್ನು ಈಗ ಯಾರು ಹಾಕುತ್ತಾರೆ?" ಅಂದ ಗೆಳೆಯ. ಹಳೇ ಎನ್‌ಕೋಡರ್ ಕಾರ್ಡಿನಿಂದ ಬಿಚ್ಚಿಟ್ಟ ಅಂಥದ್ದೇ ಒಂದು ಚಿಪ್, 26ಎಲ್‌ಎಸ್32 ಇತ್ತು, ಅದನ್ನೇ ಮೊದಲು ಹಾಕಿದೆ. ಅದರ ಮಿತಿ ಎರಡೂ ಕಡೆಗೆ 7 ವೋಲ್ಟ್. ಮತ್ತೆ ಅದೇ ಕಸ. ಅದೇ ಜಾತಿಯ ಎಸ್‌ಎನ್75175 ಆದರೆ ಎರಡೂ ಕಡೆಗೆ 12. ಬೆಂಗಳೂರಿನ ಎಸ್‌.ಪಿ. ರೋಡಿನಿಂದ ನಾಲ್ಕು ತರಿಸಿದೆ, ಚಿಪ್ಪಿಗೆ 60-70, ಕೊರಿಯರ್ ಬೇರೆ.

ಅದೇ ಬೋರ್ಡಿಗೆ ಸಿಕ್ಕಿಸಿದರೆ ಎರಡು ಲೈನ್ ಜೀವಂತ, ಮೂರನೆಯದು ಸತ್ತಿದೆ! ಅರ್ಧ ದಿನ ಚಿಪ್ಪನ್ನೇ ಬೈದೆ. ತಪ್ಪು ನನ್ನದು. ಎರಡೂ ಚಿಪ್ಪುಗಳ ಡೇಟಾ ಪಿನ್‌ಗಳು ಒಂದೇ, ರಿಸೀವರನ್ನು ಚಾಲೂ ಮಾಡುವ ಎನೇಬಲ್ ಬೇರೆ. 26ಎಲ್‌ಎಸ್32ರ 12ನೇ ಪಿನ್ ಗ್ರೌಂಡಿಗೆ ಕಟ್ಟಿದ್ದೆ. 75175ರಲ್ಲಿ ಅದು ಮೂರು, ನಾಲ್ಕನೇ ರಿಸೀವರಿನ ಎನೇಬಲ್, 5 ವೋಲ್ಟಿಗೆ ಹೋಗಬೇಕು. ಟ್ರ್ಯಾಕ್ ಕತ್ತರಿಸಿ ತಂತಿ ಹಾಕಿದೆ, ಮೂರೂ ಬಂದವು. ಡೇಟಾ ಓದುವ ಅರ್ಡುಯಿನೋ ಮೆಗಾ ಬೋರ್ಡ್ 5 ವೋಲ್ಟಿನದೇ ಆದ್ದರಿಂದ ಅದರ ಸೀರಿಯಲ್ ಪೋರ್ಟ್ 1, 2, 3ಕ್ಕೆ ನೇರ ಕೊಟ್ಟೆ.

ಇನ್ನೊಂದು ಕಾಟ. ದೂರದ ಪ್ಯಾನೆಲ್ ಆಫ್ ಮಾಡಿದರೆ ಖಾಲಿ ಲೈನಿನಲ್ಲೂ ಅಕ್ಷರ ಬರುತ್ತಿತ್ತು. ಖಾಲಿ ಲೈನ್ ಅಲ್ಲಾಡದಂತೆ ಹಿಡಿಯಲು ಎರಡೂ ತಂತಿಗೆ 680 ಓಮ್ ರೆಸಿಸ್ಟರಿನ ಬಯಾಸ್, ನಡುವೆ 120 ಕೊಟ್ಟಿದ್ದೆ, ತಂತಿಗಳ ನಡುವೆ 0.4 ವೋಲ್ಟ್ ಬರಬೇಕು. ಬಂದದ್ದು 0.2, ಅಂದರೆ ಚಿಪ್ ಗುರುತಿಸುವ ಮಿತಿಯ ಅಂಚಿನಲ್ಲೇ. ಕಳಿಸುವ ಮಾಡ್ಯೂಲಿನ ಮೇಲೆ ಮೊದಲೇ ಒಂದು 120 ಕೂತಿತ್ತು. ಕಿತ್ತೆ, ಸರಿಯಾಯಿತು.

ಸಿಡಿಲಿನಿಂದ ಲೈನ್ ಕಾಯುವ ಡಯೋಡ್ ಅಂದರೆ ಎಲ್ಲರೂ ಎಸ್‌ಎಂ712 ಅನ್ನುತ್ತಾರೆ. ಅದು ಕೆಳಗೆ 7 ವೋಲ್ಟ್ ದಾಟಿದರೆ ಕರೆಂಟ್ ಎಳೆಯಲು ಶುರು ಮಾಡುತ್ತದೆ, ನನ್ನ 9ಕ್ಕೆ ಆಗದು. ಎರಡೂ ಕಡೆಗೆ 12 ತಡೆಯುವ ಎಸ್‌ಎಂಬಿಜೆ12ಸಿಎ ಹಾಕಿದೆ. ಚಿಪ್ಪಿಗೆ ದುಂಡು ಪಿನ್ನಿನ ಸಾಕೆಟ್ಟೇ ಬೇಕು, ಅಗ್ಗದ್ದು ಉಪ್ಪುಗಾಳಿಗೆ ಆರೇ ತಿಂಗಳಲ್ಲಿ ಹಸಿರಾಯಿತು. ಶೀಲ್ಡನ್ನು ಎಲ್ಲಿ ಕಟ್ಟಿದೆ ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೆ ತುಂಬಾ ಓಡಾಡಿದ್ದೇನೆ.

ಒಂದು ಮಳೆಗಾಲ ಪೂರ್ತಿ ಕಳೆದಿದೆ, ಒಂದು ಸಾಲೂ ಕೆಟ್ಟಿಲ್ಲ. ಧಣಿಗಳು ನಾಲ್ಕನೇ ಲೈನಿಗೆ ತೂಕದ ಯಂತ್ರ ಸೇರಿಸಿ ಅಂದಿದ್ದಾರೆ. ಆ ಗೆಳೆಯ ಎರಡು 75175 ಕೇಳಿ ತಗೊಂಡು ಹೋದ.