ಹೊಸ ಊರಲ್ಲಿ ರೋಡ್ ಸೈಕ್ಲಿಂಗ್: ಮೈಸೂರಿಗೆ ಹೋದರೆ

ಸವಾರಿ, ಓಟ ದಾಖಲಿಸುವ ಆ್ಯಪ್ ಸ್ಟ್ರಾವಾದ ಹೀಟ್‌ಮ್ಯಾಪ್‌ನಲ್ಲಿ (ಜನ ಹೆಚ್ಚು ಬಳಸುವ ದಾರಿ ತೋರಿಸುವ ನಕ್ಷೆ) ಸೈಕಲ್ ಸವಾರಿಯನ್ನಷ್ಟೇ ಆರಿಸಿ. ಗೆರೆ ದಟ್ಟವಾಗಿರುವ ರಸ್ತೆಯಲ್ಲಿ ಸ್ಥಳೀಯರು ಓಡಾಡುತ್ತಾರೆ. ಆದರೆ ಆ ನಕ್ಷೆ ಹೊತ್ತನ್ನು ಹೇಳುವುದಿಲ್ಲ. ಬೆಳಗ್ಗೆ ಆರಕ್ಕೆ ಖಾಲಿಯಿದ್ದ ರಸ್ತೆ ಒಂಬತ್ತಕ್ಕೆ ಬಸ್ಸುಗಳಿಂದ ತುಂಬಿರುತ್ತದೆ. ಸೈಕಲ್ ಅಂಗಡಿಯಲ್ಲಿ ಹೊತ್ತು, ಹಂಪು, ಗುಂಡಿ ಮೂರನ್ನೂ ಕೇಳಿ.

ಮೈಸೂರಿನಲ್ಲಿ ಮೊದಲ ಆಯ್ಕೆ ಚಾಮುಂಡಿ ಬೆಟ್ಟವೇ. ನಗರದಿಂದ ಸುಮಾರು 300 ಮೀಟರ್ ಏರು; ಹಿಂದಿನ ಚಕ್ರದಲ್ಲಿ 32 ಹಲ್ಲಿನ ಗೇರ್ ಇದ್ದರೆ ಮಂಡಿ ಉಳಿಯುತ್ತದೆ. ಆಷಾಢ ಶುಕ್ರವಾರಗಳಂದು ಅತ್ತ ಹೋಗಲೇಬೇಡಿ, ಭಕ್ತರ ಜನಸಾಗರ.

ಬಾಡಿಗೆ ಸೈಕಲ್ಲಾದರೆ ನಿಮ್ಮ ಪೆಡಲ್ಲನ್ನೂ ಸೀಟಿನ ಎತ್ತರದ ಅಳತೆಯನ್ನೂ ಒಯ್ಯಿರಿ. ಹೊರಡುವ ಮುನ್ನ ಬ್ರೇಕ್ ಪ್ಯಾಡ್ ನೋಡಿ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ತಿರುವಿಗೆ ಮೊದಲೇ ಗಟ್ಟಿಯಾಗಿ ಹಿಡಿದು, ಬಿಡಿ.