ಪೇಜ್‌ಮೇಕರ್ ಬಿಟ್ಟು ಇನ್‌ಡಿಸೈನ್‌ಗೆ: ಕನ್ನಡ ಕೆಡದ ಹಾಗೆ ದಾಟುವುದು ಹೇಗೆ?

ಪುಟ ವಿನ್ಯಾಸದ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ 7.0 ಬಂದಿದ್ದು 2001ರಲ್ಲಿ. ಆದರೂ ಕನ್ನಡದ ಎಷ್ಟೋ ಸ್ಮರಣ ಸಂಚಿಕೆ, ಆಹ್ವಾನ ಪತ್ರಿಕೆಗಳ ಫೈಲುಗಳು ಇನ್ನೂ ಅದರಲ್ಲೇ ಇವೆ. ಹಳೇ ಕಂಪ್ಯೂಟರ್ ಕೈಕೊಟ್ಟಾಗಲೇ ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ನೆನಪಾಗುವುದು. ಆಗ ಹೆಚ್ಚಿನವರು ಮಾಡುವುದು ಒಂದೇ: ಹಳೇ ಫೈಲನ್ನು ಹೊಸ ಸಾಫ್ಟ್‌ವೇರ್‌ನಲ್ಲಿ ಹೇಗಾದರೂ ತೆರೆಯಲು ಒದ್ದಾಡುವುದು. ನನ್ನ ಸಲಹೆ ಇದಕ್ಕೆ ಉಲ್ಟಾ. ಮೊದಲು ಅಕ್ಷರ ದಾಟಿಸಿ. ಪುಟವನ್ನು ಹೊಸದಾಗಿ ಕಟ್ಟಿ.

1. ಪಿಡಿಎಫ್ ಮಾಡಿಟ್ಟುಕೊಳ್ಳಿ

ಪ್ರತಿ ಫೈಲಿನದ್ದೂ, ಫಾಂಟ್ ಸೇರಿಸಿ. ಮುಂದೆ ಅಕ್ಷರ ಹೋಲಿಸಿ ನೋಡಲು ಇದೇ ಆಧಾರ. ಚಿತ್ರಗಳನ್ನೂ ಫಾಂಟ್‌ಗಳನ್ನೂ ಒಂದು ಫೋಲ್ಡರ್‌ಗೆ ಹಾಕಿ.

2. ವಿನ್ಯಾಸ ಬೇಕೇ ಬೇಕಾದರೆ ಮಾತ್ರ ಫೈಲ್ ತೆರೆಯಿರಿ

ಪೇಜ್‌ಮೇಕರ್ 6.0 ಮತ್ತು ಅದರ ನಂತರದ ಫೈಲುಗಳನ್ನು ಇನ್‌ಡಿಸೈನ್ ಸಿಎಸ್6ರವರೆಗಿನ ಆವೃತ್ತಿಗಳು ತೆರೆಯುತ್ತವೆ. ಈಗಿನ, ಚಂದಾ ಕಟ್ಟಿ ಬಳಸುವ ಸಿಸಿ ಆವೃತ್ತಿಗಳು ತೆರೆಯುವುದಿಲ್ಲ. ಯಾರ ಬಳಿಯಾದರೂ ಸಿಎಸ್6 ಇದ್ದರೆ ಅದರಲ್ಲಿ ತೆರೆದು, ಐಡಿಎಂಎಲ್ (ಬೇರೆ ಆವೃತ್ತಿಗಳೂ ತೆರೆಯಬಲ್ಲ ಇನ್‌ಡಿಸೈನ್ ಫೈಲ್ ಬಗೆ) ಆಗಿ ಉಳಿಸಿ ತನ್ನಿ. ಇಲ್ಲದಿದ್ದರೆ ಉಚಿತವಾದ ಲಿಬ್ರೆಆಫೀಸ್ ಡ್ರಾ ಇದೆ. ಪುಟ ಹೇಗಿತ್ತು ಎಂದು ನೋಡಲು ಅಷ್ಟು ಸಾಕು. 'ಒಂದೇ ಕ್ಲಿಕ್‌ನಲ್ಲಿ ಎಲ್ಲ ಬದಲಾಗುತ್ತದೆ' ಎನ್ನುವ ಸಾಫ್ಟ್‌ವೇರ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಚೌಕಟ್ಟು ಬರಬಹುದು, ಕನ್ನಡ ಮಾತ್ರ ಹಳೇ ಫಾಂಟ್‌ಗಳ ಸಂಕೇತವಾದ ಆಸ್ಕಿಯಲ್ಲೇ ಉಳಿಯುತ್ತದೆ.

3. ಆಸ್ಕಿಯಿಂದ ಯೂನಿಕೋಡ್‌ಗೆ

ಕೆಲಸ ಕೆಡುವುದು ಇಲ್ಲೇ. ಹಳೇ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಕಂಪ್ಯೂಟರ್‌ಗೆ ಕಾಣುವುದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ ಇಂಥವುಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದಾರೆ ಅಷ್ಟೆ. ಹಾಗಾಗಿ ಫಾಂಟ್ ಬದಲಿಸಿದರೆ ಸಾಲದು, ಪಠ್ಯವನ್ನೇ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿಗೆ, ಪರಿವರ್ತಿಸಬೇಕು.

ಮೊದಲು ಯಾವ ಫಾಂಟ್ ಎಂದು ಗುರುತಿಸಿ. ನುಡಿ ಮತ್ತು ಬರಹದ ಬಿಆರ್‌ಎಚ್ ಫಾಂಟ್‌ಗಳ ಸಂಕೇತ ಒಂದೇ ಬಗೆಯದು. ಶ್ರೀಲಿಪಿಯದ್ದು ಬೇರೆ. ಶ್ರೀಲಿಪಿ ಪಠ್ಯವನ್ನು ನುಡಿ ಪರಿವರ್ತಕಕ್ಕೆ ಹಾಕಿ 'ಪರಿವರ್ತಕವೇ ಸರಿ ಇಲ್ಲ' ಎಂದು ಬೈಯುವವರು ಜಾಸ್ತಿ.

ಆಮೇಲೆ ಪೇಜ್‌ಮೇಕರ್‌ನಲ್ಲಿ ಲೇಖನದೊಳಗೆ ಕರ್ಸರ್ ಇಟ್ಟು, 'ಟೆಕ್ಸ್ಟ್ ಓನ್ಲಿ' ಎಂದು ಎಕ್ಸ್‌ಪೋರ್ಟ್ ಮಾಡಿ. ಟ್ಯಾಗ್ ಸೇರಿಸುವ ಆಯ್ಕೆಗೆ ಟಿಕ್ ಹಾಕಬೇಡಿ, ಆ ಟ್ಯಾಗ್‌ಗಳೂ ಕನ್ನಡವಾಗಿ ಕಲಸಿಹೋಗುತ್ತವೆ. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಪಠ್ಯವನ್ನು ಆ ಫಾಂಟ್‌ಗೆ ತಕ್ಕ ಪರಿವರ್ತಕಕ್ಕೆ ಹಾಕಿ. ವರ್ಡ್ ಕಡೆ ತಲೆ ಹಾಕಲೇಬೇಡಿ. ಅದರ ಆಟೋಕರೆಕ್ಟ್ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡಲು ಹೊರಡುತ್ತದೆ. ಆಸ್ಕಿ ಕನ್ನಡದಲ್ಲಿ ಸಣ್ಣಕ್ಷರ ಒಂದು ಕನ್ನಡ ಅಕ್ಷರ, ದೊಡ್ಡಕ್ಷರ ಇನ್ನೊಂದು. ಯಾವ ಪದ ಎಲ್ಲಿ ಬದಲಾಯಿತು ಎಂದು ಹುಡುಕುವುದು ತಲೆನೋವು.

ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡುತ್ತದೆ. ಇಮೇಲ್ ವಿಳಾಸ, ಪುಸ್ತಕದ ಇಂಗ್ಲಿಷ್ ಹೆಸರು ಎಲ್ಲವೂ ಹಾಳು. ಪಿಡಿಎಫ್ ನೋಡಿಕೊಂಡು ಅಂಥವನ್ನು ಕೈಯಲ್ಲೇ ಮತ್ತೆ ಟೈಪ್ ಮಾಡಿ. ಬೇರೆ ಜಾಣತನಕ್ಕೆ ಹೋದರೆ ಅದಕ್ಕಿಂತ ಜಾಸ್ತಿ ಸಮಯ ಹಿಡಿಯುತ್ತದೆ.

ಪರಿವರ್ತನೆ ಆದ ಮೇಲೆ ಇಷ್ಟನ್ನು ನೋಡಲೇಬೇಕು. ಅರ್ಕಾವತ್ತು ಆಸ್ಕಿಯಲ್ಲಿ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. 'ಕರ್ನಾಟಕ' ಸರಿ ಬಂದರೂ 'ಅರ್ಘ್ಯ', 'ಸಾಮರ್ಥ್ಯ' ಕೆಡಬಹುದು. ನುಡಿಯಲ್ಲಿ ದೀರ್ಘದ ಗೆರೆ ಪ್ರತ್ಯೇಕ ಚೂರು. ಹಳೇ ಪುಟದಲ್ಲಿ ಯಾರೋ ನಡುವೆ ಸ್ಪೇಸ್ ಒತ್ತಿದ್ದರೆ 'ಕೋಟೆ' ಹೋಗಿ 'ಕೊಟೆ' ಆಗಿ, ದೀರ್ಘ ಬೇರೆಯಾಗಿ ನಿಲ್ಲುತ್ತದೆ. 'ಮ' ಎನ್ನುವುದೂ ಅಲ್ಲಿ 'ವ'ಗೆ ಕೊಂಬಿನಂಥ ಚೂರು ಸೇರಿಸಿ ಮಾಡಿದ್ದು. ಆ ಚೂರು ಬಿದ್ದರೆ 'ಮನೆ' ಹೋಗಿ 'ವನೆ'. 'ರ‍್ಯಾಂಕ್' ಮತ್ತು 'ಸಾಫ್ಟ್‌ವೇರ್' ಎರಡನ್ನೂ ಹುಡುಕಿ ನೋಡಿ. ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳು ಬಿಟ್ಟುಹೋಗಿದ್ದರೆ ಮೊದಲನೆಯದಕ್ಕೆ ಅರ್ಕಾವತ್ತು ಬರುತ್ತದೆ, ಎರಡನೆಯದರಲ್ಲಿ 'ವ' ಕೆಳಗಿಳಿದು ಒತ್ತಾಗುತ್ತದೆ.

ಒಂದೇ ತಪ್ಪು ಮತ್ತೆ ಮತ್ತೆ ಕಂಡರೆ ಫೈಂಡ್-ರಿಪ್ಲೇಸ್ ಬಳಸಿ. ಆದರೆ 'ರಿಪ್ಲೇಸ್ ಆಲ್' ಒತ್ತುವ ಮುಂಚೆ ನಾಲ್ಕು ಕಡೆಯಾದರೂ ಒಂದೊಂದಾಗಿ ಬದಲಿಸಿ ನೋಡಿ.

ಇನ್ನೊಂದು ಕಾಟ ಸಾಲಿನ ಕೊನೆಯ ಅಡ್ಡಗೆರೆ. ಪದ ಒಡೆಯಲು ಕೈಯಲ್ಲಿ ಹಾಕಿದ ಗೆರೆಗಳು ಹೊಸ ಪುಟದಲ್ಲಿ ಸಾಲಿನ ಮಧ್ಯಕ್ಕೆ ಬಂದು 'ಮಾಡು-ತ್ತಾರೆ' ಎಂದು ಕೂರುತ್ತವೆ. ಹುಡುಕಿ ತೆಗೆಯಿರಿ. 'ಅಣ್ಣ-ತಂಗಿ'ಯ ಗೆರೆ ಬಿಡಿ.

ಇಷ್ಟೆಲ್ಲ ಯಾಕೆ, ಆಸ್ಕಿ ಫಾಂಟನ್ನೇ ಇನ್‌ಡಿಸೈನ್‌ನಲ್ಲಿ ಬಳಸಿದರಾಯಿತಲ್ವಾ? ಮುದ್ರಣ ಮಾತ್ರ ಸಾಕು ಎನ್ನುವವರಿಗೆ ಅದು ನಡೆಯುತ್ತದೆ. ಆದರೆ ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಲಾಗದು, ವೆಬ್‌ಸೈಟ್‌ಗೆ ಹಾಕುವಾಗ ಇದೇ ಪಾಡು ಮತ್ತೆ ಪಡಬೇಕು. ನಿಮ್ಮ ಫಾಂಟ್ 'ಟೈಪ್ 1' ಎನ್ನುವ ಹಳೇ ಬಗೆಯದಾಗಿದ್ದರೆ ಆ ದಾರಿಯೂ ಇಲ್ಲ. ಅಡೋಬಿ 2023ರಲ್ಲಿ ಅದಕ್ಕೆ ಬೆಂಬಲ ನಿಲ್ಲಿಸಿದೆ.

4. ಇನ್‌ಡಿಸೈನ್ ಸಜ್ಜು ಮಾಡಿ

ಯಾವ ಫೈಲನ್ನೂ ತೆರೆಯದೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ 'ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿ. ಆಗ ಮುಂದಿನ ಹೊಸ ಫೈಲುಗಳಿಗೆಲ್ಲ ಅದೇ ಬರುತ್ತದೆ. ಇದನ್ನು ಮರೆತರೆ ಒತ್ತಕ್ಷರಗಳು ಬಿಚ್ಚಿಕೊಂಡು ಸಾಲಿನಲ್ಲಿ ನಿಲ್ಲುತ್ತವೆ. ಜನ ಅದನ್ನು ಫಾಂಟ್‌ನ ತಪ್ಪು ಅಂದುಕೊಂಡು ಫಾಂಟ್ ಮೇಲೆ ಫಾಂಟ್ ಇಳಿಸಿಕೊಳ್ಳುತ್ತಾರೆ! ಹಳೇ ಪ್ಯಾರಾಗ್ರಾಫ್ ಸ್ಟೈಲ್‌ಗಳಿದ್ದರೆ ಪ್ರತಿಯೊಂದರ 'ಜಸ್ಟಿಫಿಕೇಶನ್' ವಿಭಾಗದಲ್ಲೂ ಇದನ್ನು ಬದಲಿಸಬೇಕು.

ಒಳಪುಟಕ್ಕೆ ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ ಹಾಕಿ. ಎರಡೂ ಉಚಿತ. ಹೈಫನೇಶನ್ (ಸಾಲಿನ ಕೊನೆಯಲ್ಲಿ ತಾನಾಗಿ ಪದ ಒಡೆಯುವುದು) ಆಫ್ ಮಾಡಿ, ಅದರ ಬಗ್ಗೆ ನನ್ನ ಜೊತೆ ವಾದ ಬೇಡ.

5. ಪುಟ ಕಟ್ಟಿ

ಮಾಸ್ಟರ್ ಪುಟ (ಎಲ್ಲ ಪುಟಗಳಿಗೂ ಬರುವ ಚೌಕಟ್ಟು, ಈಗಿನ ಆವೃತ್ತಿಗಳಲ್ಲಿ 'ಪೇರೆಂಟ್ ಪುಟ'), ಸ್ಟೈಲ್, ಪಠ್ಯ, ಚಿತ್ರ, ಈ ಕ್ರಮದಲ್ಲಿ. ಅಕ್ಷರದ ಗಾತ್ರ ಹಳೆಯದೇ ಇಟ್ಟರೂ ಹೊಸ ಫಾಂಟ್ ಜಾಗ ಬೇರೆ ಹಿಡಿಯುತ್ತದೆ. ಪುಟಸಂಖ್ಯೆ ಏರುಪೇರಾಗುತ್ತದೆ, ಪರಿವಿಡಿ ಕೊನೆಗೆ ಮಾಡಿ. ಎರಡಂತಸ್ತಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆಯೇ ನೋಡಿ. ತಾಗಿದರೆ ಲೀಡಿಂಗ್ (ಸಾಲುಗಳ ನಡುವಿನ ಅಂತರ) ಹೆಚ್ಚಿಸಿ, ಅಕ್ಷರ ಕುಗ್ಗಿಸಬೇಡಿ.

ಚಂದಾ ಕಟ್ಟಲು ಮನಸ್ಸಿಲ್ಲದವರು ಉಚಿತ ಸ್ಕ್ರೈಬಸ್ ನೋಡಬಹುದು. 1.6 ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದೆ, ಹಳೇ 1.4 ಬೇಡ. ಬೇರೆ ಯಾವುದೇ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಪ್ರಯೋಗದ ಆವೃತ್ತಿಯಲ್ಲಿ 'ರ‍್ಯಾಂಕ್', 'ಸ್ವಾತಂತ್ರ್ಯ' ಅಂಟಿಸಿ ನೋಡಿ. ಮುರಿದು ಕಂಡರೆ ಅಲ್ಲಿಗೇ ಬಿಡಿ.

ಮುಗಿಸಿದ ಪ್ರತಿ ಕೆಲಸದ ಐಡಿಎಂಎಲ್ ಪ್ರತಿಯನ್ನೂ ಉಳಿಸಿ. ಇನ್‌ಡಿಸೈನ್‌ನ ಸಿಎಸ್4 ಮತ್ತು ಅದರ ನಂತರದ ಆವೃತ್ತಿಗಳು ಅದನ್ನು ತೆರೆಯುತ್ತವೆ, ಸ್ಕ್ರೈಬಸ್ ಕೂಡ ತೆರೆಯುತ್ತದೆ.