ಒಂದು ಎಕರೆ ಇಪ್ಪತ್ತೈದು ಗುಂಟೆಯ ಲೆಕ್ಕ

ಏಳನೇ ತರಗತಿಗೆ ದಶಮಾಂಶ ಪಾಠ ಮುಗಿಸಿ ಕಿರು ಪರೀಕ್ಷೆ ಕೊಟ್ಟಿದ್ದೆ. ಪುಸ್ತಕದ ಲೆಕ್ಕಗಳು ಬೇಡ, ಮಕ್ಕಳ ಬದುಕಿಗೆ ಹತ್ತಿರವಾದದ್ದು ಇರಲಿ ಎಂದು ನಾನೇ ಒಂದು ಲೆಕ್ಕ ಕಟ್ಟಿದ್ದೆ: ‘ಒಬ್ಬ ರೈತನಿಗೆ 1.25 ಎಕರೆ ಹೊಲವಿದೆ. ಪಕ್ಕದಲ್ಲಿ ಇನ್ನೂ 0.30 ಎಕರೆ ಕೊಂಡನು. ಒಟ್ಟು ಎಷ್ಟಾಯಿತು?’ ಹೆಚ್ಚಿನವರು 1.55 ಎಂದು ಬರೆದಿದ್ದರು. ಹಿಂದಿನ ಸಾಲಿನ ಒಬ್ಬ ಹುಡುಗ 2.15 ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ತಪ್ಪು ಹಾಕಿ ಕೊಟ್ಟೆ.

ಅವನು ಹಾಳೆ ಹಿಡಿದುಕೊಂಡು ಮೇಜಿನ ಹತ್ತಿರ ಬಂದ. ಜಗಳಕ್ಕೆ ಬಂದವನಲ್ಲ, ನಿಜವಾಗಿಯೂ ಅರ್ಥವಾಗದೆ ಬಂದಿದ್ದ. “ಮಿಸ್, ಇಪ್ಪತ್ತೈದು ಗುಂಟೆಗೆ ಮೂವತ್ತು ಗುಂಟೆ ಸೇರಿದರೆ ಐವತ್ತೈದು. ನಲವತ್ತಕ್ಕೆ ಒಂದು ಎಕರೆ ಆಗಿಹೋಯಿತು. ಉಳಿದದ್ದು ಹದಿನೈದು. ಎರಡು ಎಕರೆ ಹದಿನೈದು ಗುಂಟೆ ಅಲ್ಲವೇ?”

ಪಹಣಿಯಲ್ಲಿ, ಮನೆಮಾತಿನಲ್ಲಿ, ಹೊಲ ಮಾರುವವರ ಚೀಟಿಯಲ್ಲಿ ‘1.25’ ಎಂದರೆ ಒಂದು ಎಕರೆ ಇಪ್ಪತ್ತೈದು ಗುಂಟೆಯೇ. ಅಲ್ಲಿರುವ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ, ಎಕರೆಯನ್ನೂ ಗುಂಟೆಯನ್ನೂ ಬೇರೆ ಮಾಡುವ ಗುರುತು ಅಷ್ಟೆ. ಶಿರಾ ಸೀಮೆಯ ರೈತರ ಮಕ್ಕಳಿಗೆ ಪಾಠ ಹೇಳುವ ನಾನು ಹೊಲದ ಹೆಸರು ಹಿಡಿದುಕೊಂಡು, ಹೊಲದ ಲೆಕ್ಕವನ್ನೇ ಬಿಟ್ಟಿದ್ದೆ. ತಪ್ಪು ಗುರುತನ್ನು ಹೊಡೆದು ಹಾಕಿ, ಪೂರ್ಣ ಅಂಕ ಕೊಟ್ಟು, ಮರುದಿನ ಅವನಿಂದಲೇ ಕಪ್ಪು ಹಲಗೆಯ ಮೇಲೆ ಆ ಲೆಕ್ಕ ಮಾಡಿಸಿದೆ.

ಆ ಒಂದು ಲೆಕ್ಕದ ಮೇಲೆ ನಾಲ್ಕು ಅವಧಿ ಕಳೆದೆವು. ಗುಂಟೆಯ ಲೆಕ್ಕವನ್ನು ನಿಜವಾದ ದಶಮಾಂಶಕ್ಕೆ ತಂದರೆ ಏನಾಗುತ್ತದೆ? 25 ಗುಂಟೆ ಎಂದರೆ ನಲವತ್ತರಲ್ಲಿ ಇಪ್ಪತ್ತೈದು ಭಾಗ, 0.625 ಎಕರೆ. 30 ಗುಂಟೆ 0.75 ಎಕರೆ. 1.625ಕ್ಕೆ 0.75 ಕೂಡಿಸಿದರೆ 2.375. ಆ 0.375ನ್ನು ನಲವತ್ತರಿಂದ ಗುಣಿಸಿದಾಗ ಹದಿನೈದು ಬಂತು. ತರಗತಿಯಲ್ಲಿ ಒಂದು ಕ್ಷಣ ಸದ್ದಿಲ್ಲ. ಎರಡು ದಾರಿ ಹಿಡಿದು ಹೋದರೂ ಒಂದೇ ಊರು ಸೇರಿದೆವಲ್ಲ ಎಂಬ ಬೆರಗು ಅದು. ಅಷ್ಟರಲ್ಲಿ ಇನ್ನೊಬ್ಬ ಹುಡುಗ ಕೈ ಎತ್ತಿ, ಕ್ರಿಕೆಟ್ಟಿನಲ್ಲಿ 4.3 ಓವರಿಗೆ 2.4 ಓವರು ಸೇರಿದರೆ 7.1 ಆಗುತ್ತದೆ, ಅದೂ ಇಂಥದ್ದೇ ಚುಕ್ಕೆ ಎಂದ. ಅಲ್ಲಿ ಆರಕ್ಕೆ ಒಂದು, ಇಲ್ಲಿ ನಲವತ್ತಕ್ಕೆ ಒಂದು, ಪುಸ್ತಕದಲ್ಲಿ ಹತ್ತಕ್ಕೆ ಒಂದು. ಸ್ಥಾನಬೆಲೆ ಎಂಬ ಮಾತನ್ನು ನಾನು ವರ್ಷಗಟ್ಟಲೆ ಹೇಳಿದ್ದೇನೆ. ಮಕ್ಕಳು ಅದನ್ನು ತಾವೇ ಹಿಡಿದದ್ದನ್ನು ನೋಡಿದ್ದು ಆ ದಿನ.

ಆಮೇಲೆ ಗುಂಟೆ ಎಂದರೆ ಎಷ್ಟು ಜಾಗ ಎಂದು ಕೇಳಿದೆ. ಎಲ್ಲರಿಗೂ ಮಾತು ಗೊತ್ತು, ಅಳತೆ ಗೊತ್ತಿಲ್ಲ. ಉದ್ದ 33 ಅಡಿ, ಅಗಲ 33 ಅಡಿ, 1,089 ಚದರ ಅಡಿ. ಅಂಥ ನಲವತ್ತು ಸೇರಿದರೆ ಎಕರೆ, 43,560 ಚದರ ಅಡಿ. ಬಾವಿಯ ಹಳೆಯ ಹಗ್ಗ ತಂದು, ಪ್ರತಿ 33 ಅಡಿಗೆ ಒಂದು ಗಂಟು ಹಾಕಿ, 132 ಅಡಿಗೆ ಎರಡು ತುದಿ ಸೇರಿಸಿ ಬಿಗಿದೆವು. ನಾಲ್ವರು ನಾಲ್ಕು ಗಂಟು ಹಿಡಿದು ಮೈದಾನದಲ್ಲಿ ನಿಂತರು, ಉಳಿದವರೆಲ್ಲ ಒಳಗೆ ಕುಳಿತರು. “ಗುಂಟೆ ಎಂದರೆ ಇಷ್ಟೇನಾ!” ಎಂದು ಕೆಲವರು, “ಇಷ್ಟೊಂದಾ!” ಎಂದು ಕೆಲವರು. ಪಟ್ಟಣದಲ್ಲಿ ಮನೆ ಕಟ್ಟುವ 30×40ರ ಸೈಟು 1,200 ಚದರ ಅಡಿ, ಗುಂಟೆಗಿಂತ ಸ್ವಲ್ಪವೇ ದೊಡ್ಡದು ಎಂದಾಗ ಬೆಂಗಳೂರಿನಲ್ಲಿ ನೆಂಟರಿರುವ ಮಕ್ಕಳ ಮುಖ ನೋಡಬೇಕಿತ್ತು.

ಹಗ್ಗ ಹಿಡಿದವರಲ್ಲಿ ಎದುರುಬದುರಿನ ಇಬ್ಬರು ಆಟಕ್ಕೆ ಹಿಂದೆ ಹಿಂದೆ ಸರಿದರು. ಚೌಕ ಓರೆಯಾಯಿತು, ಗಾಳಿಪಟದಂತಾಯಿತು, ಒಳಗಿದ್ದವರು ಒಬ್ಬರ ಮೇಲೊಬ್ಬರು ಒತ್ತಿಕೊಂಡು ಕೊನೆಗೆ ಹೊರಗೆ ಓಡಿದರು. ಒಬ್ಬ ಹುಡುಗಿ ಅಲ್ಲೇ ನಿಂತು ಕೇಳಿದಳು: “ಮಿಸ್, ಹಗ್ಗ ಅಷ್ಟೇ ಇದೆ, ಜಾಗ ಎಲ್ಲಿ ಹೋಯಿತು?” ಸುತ್ತಳತೆ ಬೇರೆ, ವಿಸ್ತೀರ್ಣ ಬೇರೆ ಎಂದು ನಾನು ಹಲಗೆಯ ಮೇಲೆ ಎಷ್ಟು ಚಿತ್ರ ಬರೆದರೂ ಹುಟ್ಟದಿದ್ದ ಪ್ರಶ್ನೆ ಅದು. ಹಾಗಾದರೆ ನಾಲ್ಕು ಬದಿ ಅಳೆದರೆ ಸಾಲದು, ಮೂಲೆ ನೆಟ್ಟಗಿದೆಯೇ ಎಂದೂ ನೋಡಬೇಕು. ಹೇಗೆ? ಗಾರೆ ಕೆಲಸದವರ ಮನೆಯ ಹುಡುಗನೊಬ್ಬ ಮುಂದೆ ಬಂದು, ಒಂದು ಬದಿಯಲ್ಲಿ ಮೂರು ಅಡಿಗೆ, ಇನ್ನೊಂದು ಬದಿಯಲ್ಲಿ ನಾಲ್ಕು ಅಡಿಗೆ ಕಡ್ಡಿ ನೆಟ್ಟ. ಎರಡರ ನಡುವೆ ಟೇಪು ಹಿಡಿದು ಐದು ಅಡಿ ಬರುವವರೆಗೆ ಹಗ್ಗ ಸರಿಸಿದ. “ದೊಡ್ಡ ಪಾಯಕ್ಕೆ ಆರು, ಎಂಟು, ಹತ್ತು ಹಿಡಿಯಬೇಕು, ಇಲ್ಲದಿದ್ದರೆ ದೂರ ಹೋದಂತೆ ಓರೆಯಾಗುತ್ತದೆ ಎಂದು ಅಪ್ಪ ಹೇಳುತ್ತಾರೆ” ಎಂದ. ಪ್ರಮೇಯದ ಹೆಸರು ನಾನು ಎತ್ತಲಿಲ್ಲ. ಮಣ್ಣಿನ ಮೇಲೆ 9, 16, 25 ಎಂದು ಬರೆದು ಸುಮ್ಮನಾದೆ. ಗಣಿತದಲ್ಲಿ ಹಿಂದೆ ಎಂದು ನಾನು ಗುರುತು ಮಾಡಿಕೊಂಡಿದ್ದ ಹುಡುಗ ಅವನು.

ಭಾಗದ ಲೆಕ್ಕ ಇನ್ನೂ ಆಳಕ್ಕೆ ಇಳಿಯಿತು. ಮೂರು ಎಕರೆ ಹತ್ತು ಗುಂಟೆಯನ್ನು ಮೂವರು ಅಣ್ಣತಮ್ಮಂದಿರಿಗೆ ಸಮ ಹಂಚಬೇಕು. 130 ಗುಂಟೆಯನ್ನು ಮೂರರಿಂದ ಭಾಗಿಸಿದರೆ ತಲಾ ಒಂದು ಎಕರೆ ಮೂರು ಗುಂಟೆ, ಮೇಲೆ ಗುಂಟೆಯ ಮೂರನೇ ಒಂದು ಭಾಗ. ಗುಂಟೆಗೆ ಹದಿನಾರು ಆಣೆ, ಆದ್ದರಿಂದ ಐದು ಆಣೆ, ಮತ್ತೆ ಆಣೆಯ ಮೂರನೇ ಒಂದು ಭಾಗ. ಆ ಕೊನೆಯ ಚೂರು ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಿದರೆ ಸುಮಾರು 23 ಚದರ ಅಡಿ, ಒಬ್ಬರು ಮಲಗುವ ಮಂಚಕ್ಕಿಂತ ತುಸು ಹೆಚ್ಚು. ಅದನ್ನು ಬಿಡಬಹುದೇ? ಒಂದು ಗುಂಪು ಬಿಡೋಣ ಎಂದಿತು. ಇನ್ನೊಂದು ಗುಂಪು, ಬದುವಿನ ಉದ್ದಕ್ಕೆ ಅದು ಅಂಗೈ ಅಗಲವೂ ಆಗದಿದ್ದರೂ ಜಗಳಕ್ಕೆ ಸಾಕು ಎಂದಿತು. ಅಷ್ಟರಲ್ಲಿ ಒಬ್ಬಳು, ಕೊಳವೆಬಾವಿ ಯಾರ ಪಾಲಿಗೆ ಬಂತು ಎಂದು ಕೇಳಿದಳು. ಸಮ ವಿಸ್ತೀರ್ಣವಾದ ಮಾತ್ರಕ್ಕೆ ಸಮ ಪಾಲು ಆಗುವುದಿಲ್ಲ ಎಂಬಲ್ಲಿಗೆ ಮಾತು ಬಂತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮೊದಲ ವರ್ಷ ‘ನಿಮ್ಮ ಮನೆಯ ಪಹಣಿ ತನ್ನಿ’ ಎಂದಿದ್ದೆ. ಜಮೀನು ಇಲ್ಲದ ಮನೆಯ ಮಕ್ಕಳು ತಲೆ ತಗ್ಗಿಸಿದರು. ಪಾಲಿನ ವ್ಯಾಜ್ಯ ನಡೆಯುತ್ತಿದ್ದ ಮನೆಯ ಹುಡುಗಿ ಎರಡು ದಿನ ಶಾಲೆಗೆ ಬರಲಿಲ್ಲ. ಅಂದಿನಿಂದ ಅಳತೆಗಳು ನಿಜ, ಮನೆ ಯಾರದೂ ಅಲ್ಲ. ಬಡ್ಡಿಯ ಲೆಕ್ಕಕ್ಕೂ ಇದೇ ನಿಯಮ. ಊರಿನಲ್ಲಿ ‘ನೂರಕ್ಕೆ ಮೂರು’ ಎಂದರೆ ತಿಂಗಳಿಗೆ ಮೂರು, ವರ್ಷಕ್ಕೆ ಶೇಕಡಾ 36. ಇಪ್ಪತ್ತು ಸಾವಿರಕ್ಕೆ ವರ್ಷಕ್ಕೆ 7,200 ರೂಪಾಯಿ ಬಡ್ಡಿ, ಅಸಲು ಹಾಗೆಯೇ. ಪುಸ್ತಕದಲ್ಲಿ ಬಡ್ಡಿದರ ವರ್ಷದ್ದು, ಮಗು ಕೇಳಿಸಿಕೊಂಡಿರುವುದು ತಿಂಗಳದ್ದು. ಈ ವ್ಯತ್ಯಾಸ ತಿಳಿಸಲು ಯಾವ ಮಗುವಿನ ಮನೆಯ ಸಾಲವನ್ನೂ ಕೇಳಬೇಕಿಲ್ಲ.

ಸಮಯ ಎಲ್ಲಿಂದ ಬರುತ್ತದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಒಂದೇ ಬಗೆಯ ಹದಿನೈದು ಲೆಕ್ಕಗಳಿದ್ದರೆ ಐದು ಮಾಡಿಸುತ್ತೇನೆ, ಉಳಿದ ಹೊತ್ತು ಮೈದಾನಕ್ಕೆ. ಮಗ್ಗಿಯನ್ನು ಮಾತ್ರ ಬಿಟ್ಟಿಲ್ಲ. ಮೂವತ್ತಮೂರನ್ನು ಮೂವತ್ತಮೂರರಿಂದ ಗುಣಿಸಲು ಬಾರದವರಿಗೆ ಗುಂಟೆಯೂ ಕೈಗೆ ಸಿಗುವುದಿಲ್ಲ.

ಈ ಜೂನ್‌ನಿಂದ ಮಳೆಯ ಲೆಕ್ಕ ನಡೆದಿದೆ. ನೆಟ್ಟಗಿನ ಬದಿಯ ಎರಡು ಡಬ್ಬ, ಒಂದು ಸ್ಕೇಲು, ಒಂದು ಪುಸ್ತಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಗುಂಟೆ ಸುಮಾರು 101 ಚದರ ಮೀಟರ್. ಒಂದು ರಾತ್ರಿ 22 ಮಿಲಿಮೀಟರ್ ಬಿದ್ದಾಗ ಎಕರೆಗೆ ಸುಮಾರು 89 ಸಾವಿರ ಲೀಟರ್, ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಹತ್ತಿರ ಹತ್ತಿರ ಹದಿನೆಂಟು ಟ್ಯಾಂಕರ್ ಎಂದು ಮಕ್ಕಳೇ ಕಂಡುಕೊಂಡರು. ಆದರೆ ಅದೇ ರಾತ್ರಿ ಗೋಡೆಯ ಪಕ್ಕದ ಡಬ್ಬದಲ್ಲಿ 15 ಮಿಲಿಮೀಟರ್ ಮಾತ್ರ ಇತ್ತು. ಗಾಳಿ ಯಾವ ಕಡೆಯಿಂದ ಬೀಸಿತ್ತು ಎಂದು ಈಗ ಎರಡು ಗುಂಪುಗಳಾಗಿ ವಾದಿಸುತ್ತಿದ್ದಾರೆ. ಮುಂದಿನ ಮಳೆಗೆ ಗೋಡೆಯಿಂದ ಒಂದೊಂದು ಅಡಿ ದೂರಕ್ಕೆ ಆರು ಡಬ್ಬ ಇಡಬೇಕೆಂದು ತೀರ್ಮಾನವಾಗಿದೆ, ಡಬ್ಬಗಳು ಇನ್ನೂ ನಾಲ್ಕು ಬೇಕು.